ಬೇವಿನೆಣ್ಣೆಯ ಚೆಕ್ಕುಬಂದಿ

ರಾಯಚೂರು ಸೀಮೆಯಲ್ಲಿ ಹೊಲ ಕೊಳ್ಳುವವರು ಖರೀದಿ ಪತ್ರದಲ್ಲಿ ಮೊದಲು ಓದಿಸಿಕೊಳ್ಳುವುದು ಚೆಕ್ಕುಬಂದಿಯನ್ನು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ, ದಕ್ಷಿಣಕ್ಕೆ ಯಾವ ಬದು. ಎಕರೆಯ ಲೆಕ್ಕ ಎಷ್ಟೇ ಇರಲಿ, ವ್ಯಾಜ್ಯ ಬಂದಾಗ ಉಳಿಯುವುದು ಆ ನಾಲ್ಕು ಸಾಲು. ಆ ಸಾಲುಗಳೊಳಗೆ ಊರಿನ ದನ ಮೇಯುವ ಗಾಯರಾಣವೂ ಬಂದು ಕೂತಿದ್ದರೆ ಪತ್ರ ಮಾಡಿಸಿಕೊಂಡವನು ಒಳ್ಳೆಯವನೋ ಕೆಟ್ಟವನೋ ಎಂಬುದು ಆಮೇಲಿನ ಮಾತು. ಗಾಯರಾಣ ಊರಿನದು ಎಂದು ತೋರಿಸುವ ಕಾಗದ ಯಾರ ಹತ್ತಿರ ಇದೆ ಎಂಬುದು ಮೊದಲ ಮಾತು. ಪೇಟೆಂಟಿಗೂ ಇಂಥದೇ ಚೆಕ್ಕುಬಂದಿ ಉಂಟು. ಅದನ್ನು ಕ್ಲೇಮು ಎನ್ನುತ್ತಾರೆ. ಶೋಧಕ ತನ್ನ ಕೆಲಸವನ್ನು ನೂರು ಪುಟಗಳಲ್ಲಿ ಬಣ್ಣಿಸಿದರೂ ಕಾನೂನು ಅವನಿಗೆ ಕೊಡುವುದು ಕ್ಲೇಮಿನ ವಾಕ್ಯಗಳು ಸುತ್ತುವರಿದಷ್ಟನ್ನು ಮಾತ್ರ. ಬೆಳೆಯ ಎಲೆಯ ಮೇಲೆ ಕಾವಲಿಗೆ ನಿಲ್ಲುವ ಒಂದು ಎಣ್ಣೆಯ ಲೇಪ, ಅದಕ್ಕೆ ಹಾಕಿದ ಚೆಕ್ಕುಬಂದಿ, ಆ ಚೆಕ್ಕುಬಂದಿಯ ಮೇಲೆ ಹತ್ತು ವರ್ಷ ನಡೆದ ತಕರಾರು ಮತ್ತು ಮೇಲ್ಮನವಿ, ಇವು ಇಂದಿನ ವಿಷಯ. ಆ ಎಣ್ಣೆ ಬೇವಿನದು.

ದೇವದುರ್ಗ, ಮಾನ್ವಿಯ ಯಾವ ಊರಿಗೆ ಹೋದರೂ ಗುಡಿಯ ಮುಂದೆ, ಹೊಲದ ಬದುವಿನಲ್ಲಿ, ಬಾವಿಯ ಬಳಿ ಬೇವಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿನ ಬಿಸಿಲಿಗೆ ಬಗ್ಗದೆ ನಿಲ್ಲುವ ಮರಗಳಲ್ಲಿ ಅದು ಮೊದಲನೆಯದು. ಮಿರಗದ ಮಳೆಯ ಹೊತ್ತಿಗೆ ಹಣ್ಣು ಉದುರುತ್ತದೆ, ಬೀಜ ಆಯುತ್ತಾರೆ. ಎಲೆ ಕಾಳಿನ ಜೊತೆ ಕಣಜಕ್ಕೆ ಹೋಗುತ್ತದೆ, ಹಿಂಡಿ ಹೊಲಕ್ಕೆ ಹೋಗುತ್ತದೆ, ಬೀಜವನ್ನು ಕುಟ್ಟಿ ನೆನೆಹಾಕಿ ಸೋಸಿದ ಕಷಾಯ ಮೆಣಸಿನಕಾಯಿ, ಹತ್ತಿ, ತೊಗರಿಯ ಮೇಲೆ ಬೀಳುತ್ತದೆ. ಐದು ಕಿಲೋ ಬೀಜದ ತಿರುಳು, ನೂರು ಲೀಟರ್ ನೀರು, ಇನ್ನೂರು ಗ್ರಾಂ ಸೋಪಿನ ಪುಡಿ ಎಂಬ ಅಳತೆಯನ್ನು ಕೃಷಿ ಇಲಾಖೆಯವರೂ ಹೇಳುತ್ತಾರೆ. ಈ ಭಾಗದ ರೈತರು ಅಂಗಡಿಯಿಂದ ತರುವ ಎಲ್ಲ ಕೀಟನಾಶಕಕ್ಕೂ ‘ಎಣ್ಣೆ’ ಎಂದೇ ಹೆಸರಿಟ್ಟಿದ್ದಾರೆ, ಸಿಂಪಡಣೆಗೆ ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ಬೇವಿನ ಮಟ್ಟಿಗೆ ಆ ಹೆಸರು ಅಕ್ಷರಶಃ ನಿಜ. ಬೀಜದಲ್ಲಿ ಹುಳುವಿನ ಹಸಿವು ಮತ್ತು ಬೆಳವಣಿಗೆಯನ್ನು ಕೆಡಿಸುವ ಅಜಾಡಿರಾಕ್ಟಿನ್ ಎಂಬ ಕಹಿ ಅಂಶ ಒಂದು ಕಡೆ, ನೀರಿಗೆ ಬೆರೆಯದ ಎಣ್ಣೆ ಇನ್ನೊಂದು ಕಡೆ. ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತದೆ. ಎಣ್ಣೆ ಎಲೆಯ ಮೇಲೆ ತೆಳ್ಳಗೆ ಹರಡಿಕೊಂಡು ಬೂದಿ ರೋಗದಂಥ ಶಿಲೀಂಧ್ರದ ಬೀಜಕಣಗಳು ಅಲ್ಲಿ ಬೇರೂರದಂತೆ ತಡೆಯುತ್ತದೆ. ಒಂದು ಮದ್ದು, ಇನ್ನೊಂದು ಕವಚ ಎನ್ನಬಹುದು. ನಮ್ಮ ವ್ಯಾಜ್ಯ ನಡೆದದ್ದು ಕವಚದ ಮೇಲೆ.

ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಎಂಬ ರಾಸಾಯನಿಕ ಕಂಪನಿ ಕೂಡಿ 1990ರಲ್ಲಿ ಐರೋಪ್ಯ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿದವು. 1994ರಲ್ಲಿ ಪೇಟೆಂಟ್ ಮಂಜೂರಾಯಿತು. ಅದರ ಅಂಕಿ 0436257. ಮುಖ್ಯ ಕ್ಲೇಮಿನ ಸಾರ ಇಷ್ಟು: ಅಜಾಡಿರಾಕ್ಟಿನ್ ಬಹುಮಟ್ಟಿಗೆ ತೆಗೆದ ಬೇವಿನೆಣ್ಣೆ ಶೇ. 0.1ರಿಂದ 10, ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಸಾಬೂನಿನಂಥ ಪದಾರ್ಥ ಶೇ. 0.005ರಿಂದ 5, ನೀರು ಸೊನ್ನೆಯಿಂದ ಶೇ. 99, ಈ ಮಿಶ್ರಣವನ್ನು ತಾಗಿಸಿ ಗಿಡದ ಮೇಲಿನ ಶಿಲೀಂಧ್ರವನ್ನು ಹತೋಟಿಗೆ ತರುವ ವಿಧಾನ ನಮ್ಮದು. ಈ ಅಂಕಿಗಳನ್ನು ನೂರು ಲೀಟರಿನ ಒಂದು ಡ್ರಮ್ಮಿನಲ್ಲಿಟ್ಟು ನೋಡಿ. ಎಣ್ಣೆ ನೂರು ಮಿಲಿಯೂ ಆಗಬಹುದು, ಹತ್ತು ಲೀಟರೂ ಆಗಬಹುದು. ಸಾಬೂನು ಚಮಚದಷ್ಟೂ ಇರಬಹುದು, ಐದು ಲೀಟರೂ ಇರಬಹುದು. ನೀರು ಹೆಚ್ಚುಕಡಿಮೆ ಎಷ್ಟಾದರೂ ಇರಬಹುದು. ಎಣ್ಣೆಯ ಮಟ್ಟಿಗೆ ನೂರುಪಟ್ಟು, ಸಾಬೂನಿನ ಮಟ್ಟಿಗೆ ಸಾವಿರಪಟ್ಟು ಅಗಲದ ಬೇಲಿ. ಇಂಥ ಬೇಲಿಯ ಹೊರಗೆ ನಿಂತು ಯಾರಾದರೂ ಬೇವಿನೆಣ್ಣೆಯನ್ನು ರೋಗಕ್ಕೆ ಹೊಡೆಯುವುದು ಹೇಗೆ? ಉಳಿದ ಒಂದೇ ಕಿಂಡಿ ‘ಅಜಾಡಿರಾಕ್ಟಿನ್ ತೆಗೆದ’ ಎಂಬ ಮಾತು. ಇಡೀ ಪೇಟೆಂಟಿನ ಬಲವೂ ದೌರ್ಬಲ್ಯವೂ ಆ ಒಂದು ಮಾತಿನಲ್ಲಿತ್ತು ಎಂದು ನನ್ನ ತಿಳಿವಳಿಕೆ.

ಈ ಕಥೆ ಕರ್ನಾಟಕದ ಹೊರಗಿನದಲ್ಲ. ಗ್ರೇಸ್ ಕಂಪನಿ ಭಾರತದಲ್ಲಿ ಕೈಜೋಡಿಸಿದ್ದು ಪಿ. ಜೆ. ಮಾರ್ಗೋ ಎಂಬ ಕಂಪನಿಯೊಡನೆ. ದಿನಕ್ಕೆ ಇಪ್ಪತ್ತು ಟನ್ನಿನವರೆಗೆ ಬೇವಿನ ಬೀಜ ಅರೆಯಬಲ್ಲ ಅವರ ಕಾರ್ಖಾನೆ ನಿಂತಿದ್ದು ತುಮಕೂರಿನಲ್ಲಿ. ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ 1993ರ ಹೊತ್ತಿಗೆ ಜಾಗತಿಕ ವ್ಯಾಪಾರದ ಗ್ಯಾಟ್ ಒಪ್ಪಂದವನ್ನು ವಿರೋಧಿಸುತ್ತ ಬೇವಿನ ಪ್ರಶ್ನೆಯನ್ನೂ ಬೀದಿಗೆ ತಂದಿತು. ಮ್ಯೂನಿಕ್ಕಿನಲ್ಲಿರುವ ಐರೋಪ್ಯ ಪೇಟೆಂಟ್ ಕಚೇರಿಯಲ್ಲಿ ತಕರಾರು ಹೂಡಿದವರು ಮೂವರು: ಐರೋಪ್ಯ ಸಂಸತ್ತಿನ ಹಸಿರು ಬಣದ ಮಾಗ್ಡಾ ಆಲ್‌ವೂಟ್, ನಮ್ಮ ಪರಿಸರ ಹೋರಾಟಗಾರ್ತಿ ವಂದನಾ ಶಿವ, ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ. ಇಸವಿ 1995. ಬೀದಿಯ ಘೋಷಣೆ ‘ಬೇವಿನ ಮರ ನಮ್ಮದು’ ಎಂದಿತು. ಆ ಕೂಗಿಲ್ಲದಿದ್ದರೆ ತಕರಾರು ಹೂಡುವ ಹುಮ್ಮಸ್ಸೂ ಹಣವೂ ಕೂಡುತ್ತಿರಲಿಲ್ಲ, ಅದನ್ನು ಕಡೆಗಣಿಸುವುದು ಕೃತಘ್ನತೆ. ಆದರೆ ಮರಕ್ಕೆ ಯಾರೂ ಪೇಟೆಂಟ್ ಕೇಳಿರಲಿಲ್ಲ. ಕೇಳಿದ್ದು ಒಂದು ಬಗೆಯ ಎಣ್ಣೆಯನ್ನು ಒಂದು ಬಗೆಯ ರೋಗಕ್ಕೆ ಬಳಸುವ ವಿಧಾನಕ್ಕೆ. ಆದ್ದರಿಂದ ಮರದ ಮೇಲಿನ ನಮ್ಮ ಹಕ್ಕನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಅದು ಕ್ಲೇಮಿಗೆ ಉತ್ತರವಾಗುತ್ತಿರಲಿಲ್ಲ.

ಹಾಗಾದರೆ ಉತ್ತರವಾದದ್ದು ಯಾವುದು? ಬೇವಿನ ಮಹಿಮೆ ಹೇಳುವ ಹಳೆಯ ಗ್ರಂಥಗಳಿದ್ದವು, ಕಷಾಯದ ರೂಢಿ ಇತ್ತು, ಯುಗಾದಿಯ ಬೇವು-ಬೆಲ್ಲವೂ ಇತ್ತು. ಇವು ಬೇವಿನ ಮೇಲಿನ ನಮ್ಮ ಸಲಿಗೆಗೆ ಸಾಕ್ಷಿ, ಆ ನಿರ್ದಿಷ್ಟ ಕ್ಲೇಮಿಗೆ ಅಲ್ಲ. ನೀರಿನ ಕಷಾಯದಲ್ಲಿ ಅಜಾಡಿರಾಕ್ಟಿನ್ ಇರುತ್ತದೆ. ಕ್ಲೇಮು ಅದಿಲ್ಲದ ಎಣ್ಣೆಯ ಮಾತಾಡುತ್ತದೆ. ಪೇಟೆಂಟುದಾರರ ವಕೀಲರು ಈ ಒಂದು ಅಂತರ ತೋರಿಸಿದರೆ ಅಜ್ಜಿಯ ಕಷಾಯ ಪಕ್ಕಕ್ಕೆ ಸರಿಯಬೇಕಾಗುತ್ತಿತ್ತು. ಪೇಟೆಂಟಿನ ಬುಡಕ್ಕೆ ಪೆಟ್ಟು ಕೊಟ್ಟಿದ್ದು ಬೇವಿನ ಉತ್ಪನ್ನ ತಯಾರಿಸುತ್ತಿದ್ದ ಒಬ್ಬ ಭಾರತೀಯ ಉದ್ಯಮಿಯ ಸಾಕ್ಷ್ಯ. ಬೇವಿನ ಬೀಜದ ಸಾರವನ್ನು ಅವರು 1985 ಮತ್ತು 1986ರಲ್ಲಿ ಮಹಾರಾಷ್ಟ್ರದ ಪುಣೆ ಮತ್ತು ಸಾಂಗ್ಲಿ ಜಿಲ್ಲೆಗಳ ಹೊಲಗಳಲ್ಲಿ ರೋಗದ ಮೇಲೆ ಹೊಡೆದು ಪರೀಕ್ಷಿಸಿದ್ದರು. ಪೇಟೆಂಟಿಗೆ ಆಧಾರವಾಗಿ ಮೊದಲು ಅಮೆರಿಕದಲ್ಲಿ ಹಾಕಿದ್ದ ಮೂಲ ಅರ್ಜಿಯ ದಿನ 1989ರ ಡಿಸೆಂಬರಿನದು. ಯಾವ ಊರು, ಯಾವ ವರ್ಷ, ಯಾವ ಸಾರ, ಯಾವ ಬೆಳೆ ಎಂದು ಬಾಯಿಬಿಟ್ಟು ಹೇಳಬಲ್ಲ, ಪಾಟೀಸವಾಲಿಗೆ ನಿಲ್ಲಬಲ್ಲ ಸಾಕ್ಷಿ ಅವರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರೂ ತಜ್ಞರಾಗಿ ಬೆಂಬಲಕ್ಕೆ ನಿಂತರು. 2000ದ ಮೇ 10ರಂದು ತಕರಾರು ವಿಭಾಗ ಪೇಟೆಂಟನ್ನು ರದ್ದು ಮಾಡಿತು. ಹೊಸತನವಿಲ್ಲ, ಶೋಧನೆಯ ಹೆಜ್ಜೆ ಇಲ್ಲ ಎಂಬವು ಆಧಾರ. ಜನರ ಜ್ಞಾನವನ್ನು ಕದಿಯುವುದು ನೀತಿಗೆ ವಿರುದ್ಧ ಎಂಬ ವಾದವೂ ಮಂಡನೆಯಾಗಿತ್ತು, ತೀರ್ಪು ಅದರ ಮೇಲೆ ನಿಲ್ಲಲಿಲ್ಲ. ಪೇಟೆಂಟುದಾರರು ಮೇಲ್ಮನವಿ ಹೋದರು. ಐರೋಪ್ಯ ಪದ್ಧತಿಯಲ್ಲಿ ಮೇಲ್ಮನವಿಯೆಂದರೆ ಹಳೆಯ ತೀರ್ಪಿನ ತಪ್ಪು ಹುಡುಕುವುದಷ್ಟೇ ಅಲ್ಲ. ಕ್ಲೇಮನ್ನು ತಿದ್ದಿ, ಬೇಲಿಯನ್ನು ಒಳಕ್ಕೆ ಸರಿಸಿಕೊಂಡು, ಇಷ್ಟಾದರೂ ಉಳಿಸಿಕೊಡಿ ಎಂದು ಕೇಳಲು ಅಲ್ಲಿ ದಾರಿ ಇದೆ. ಆದ್ದರಿಂದ ತಕರಾರುದಾರರು ಅಲ್ಲಿಯೂ ಅದೇ ಎಚ್ಚರದಲ್ಲಿ ನಿಂತು ವಾದಿಸಬೇಕಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿ ಮಂಡಳಿ ಮನವಿಯನ್ನು ತಳ್ಳಿಹಾಕಿತು. ಅಷ್ಟು ಹೊತ್ತಿಗೆ ನಂಜುಂಡಸ್ವಾಮಿಯವರು ತೀರಿಕೊಂಡು ಒಂದು ವರ್ಷ ಕಳೆದಿತ್ತು.

ಇದೇ ಬೇವಿನ ವ್ಯಾಜ್ಯ ಅಮೆರಿಕದಲ್ಲಿ ಬೇರೆ ದಾರಿ ಹಿಡಿಯಿತು, ಮತ್ತು ದಾಖಲೆಯೇ ಮುಖ್ಯ ಎಂಬ ನನ್ನ ವಾದಕ್ಕೆ ಅದು ಹೆಚ್ಚು ಬಲವಾದ ಪುರಾವೆ. ಬೇವಿನ ಸಾರವನ್ನು ಕೆಡದಂತೆ ಇಡುವ ಮಿಶ್ರಣಕ್ಕೆ ಗ್ರೇಸ್ ಕಂಪನಿಗೆ ಅಲ್ಲಿ 1992ರಲ್ಲಿ ಪೇಟೆಂಟ್ ಸಿಕ್ಕಿತು. 1995ರಲ್ಲಿ ಇನ್ನೂರಕ್ಕೂ ಹೆಚ್ಚು ಸಂಘಟನೆಗಳು ಅದರ ವಿರುದ್ಧ ಅರ್ಜಿ ಕೊಟ್ಟವು, ಪೇಟೆಂಟ್ ಬೀಳಲಿಲ್ಲ. ಆಗಿನ ಅಮೆರಿಕದ ಕಾನೂನು ಪರದೇಶದ ಬಳಕೆಯನ್ನು ಪೂರ್ವಜ್ಞಾನವೆಂದು ಎಣಿಸುತ್ತಿರಲಿಲ್ಲ. ಪರದೇಶದ್ದಾದರೆ ಅಚ್ಚಾದ ಕಾಗದ ಬೇಕು, ಇಲ್ಲವೇ ಪೇಟೆಂಟ್ ಆಗಿರಬೇಕು. ಮಾನ್ವಿಯ ಸಾವಿರ ರೈತರು ನೂರು ವರ್ಷ ಒಂದು ಮದ್ದು ಹೊಡೆದಿದ್ದರೂ ಅದು ಎಲ್ಲಿಯೂ ಅಚ್ಚಾಗದಿದ್ದರೆ ಆ ಕಾನೂನಿನ ಕಣ್ಣಿಗೆ ಅದು ನಡೆದೇ ಇರಲಿಲ್ಲ. ಈ ತಾರತಮ್ಯ ತೊಲಗಿದ್ದು 2013ರ ಮಾರ್ಚಿನಲ್ಲಿ, ಹೊಸ ಕಾಯ್ದೆ ಜಾರಿಯಾದಾಗ. ಯುರೋಪಿನಲ್ಲಿ ಬಾಯಿಮಾತೂ ಬಳಕೆಯೂ ಪೂರ್ವಜ್ಞಾನವಾಗುತ್ತಿತ್ತು, ಅದಕ್ಕೇ ಪುಣೆ-ಸಾಂಗ್ಲಿಯ ಹೊಲಗಳು ಲೆಕ್ಕಕ್ಕೆ ಬಂದವು. ಅರಿಶಿನದ ಪ್ರಕರಣವನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತು ಇನ್ನೂ ನಿಚ್ಚಳವಾಗುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವ ವಿಧಾನದ ಮೇಲಿನ ಅಮೆರಿಕದ ಪೇಟೆಂಟ್ 1997ರಲ್ಲಿ ಬಿದ್ದುಹೋಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅಲ್ಲಿ ಮಂಡಿಸಿದ್ದು ಬರೆದ ಮತ್ತು ಅಚ್ಚಾದ 32 ದಾಖಲೆಗಳನ್ನು. ಅದೇ ದೇಶ, ಅದೇ ಕಾನೂನು. ಒಂದು ಕಡೆ ಕಾಗದವಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಗ್ರೇಸ್ ಕಂಪನಿಯವರು ಕೈಕಟ್ಟಿ ಕೂತು ಕದ್ದವರಲ್ಲ, ಪ್ರಯೋಗಾಲಯದಲ್ಲಿ ಬೆವರು ಸುರಿಸಿದವರು. ಎಣ್ಣೆಯಿಂದ ಕಹಿ ಅಂಶ ಬೇರ್ಪಡಿಸಿ ಅದಕ್ಕೊಂದು ಹೊಸ ಉಪಯೋಗ ಕಂಡುಕೊಂಡರೆ ಪ್ರತಿಫಲ ಬೇಡವೇ, ಪೇಟೆಂಟ್ ಇಲ್ಲದೆ ಯಾರು ಹಣ ಹೂಡುತ್ತಾರೆ ಎಂಬುದು ಅದು. ಶ್ರಮಕ್ಕೆ ಪ್ರತಿಫಲ ಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪೇಟೆಂಟ್ ಕೊಡುವುದು ಶ್ರಮಕ್ಕಲ್ಲ, ಹೊಸತಿಗೆ. ಬೀಜದಿಂದ ಎಣ್ಣೆ ತೆಗೆಯುವ ಒಂದು ಹೊಸ ಕ್ರಮ, ಮೊದಲಿಗಿಂತ ಕಡಿಮೆ ದ್ರಾವಕ ಬಳಸುವ ಒಂದು ಯಂತ್ರ, ಬಿಸಿಲಿಗೆ ಹತ್ತು ದಿನ ತಾಳುವ ಒಂದು ಲೇಪ, ಇಂಥ ಕಿರಿದಾದ ಕ್ಲೇಮು ಬರೆದಿದ್ದರೆ ಅದನ್ನು ವಿರೋಧಿಸಲು ನನಗೆ ಕಾರಣ ಕಾಣುವುದಿಲ್ಲ. ಪೇಟೆಂಟುದಾರರು ಬೇಲಿಯನ್ನು ನೂರುಪಟ್ಟು, ಸಾವಿರಪಟ್ಟು ಅಗಲಿಸಿದ್ದೇ ಅದರೊಳಗೆ ಬೇರೆಯವರ ಹಳೆಯ ಉಳುಮೆ ಸಿಕ್ಕಿಕೊಳ್ಳಲು ಕಾರಣ. ವಿಜ್ಞಾನದ ದಾಖಲೆಯೂ ಇದನ್ನೇ ಹೇಳುತ್ತದೆ. 1962ರಲ್ಲಿ ಮಿಡತೆ ಬಂದಾಗ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ನಿಂತ ಬೆಳೆಗೆ ಬೇವಿನ ತಿರುಳಿನ ನೀರು ಹೊಡೆದು ಎಲೆಯನ್ನು ಮಿಡತೆ ಮುಟ್ಟದಂತೆ ಮಾಡಿದ್ದು ಅಚ್ಚಾಗಿದೆ. ಅಜಾಡಿರಾಕ್ಟಿನ್ ಅನ್ನು 1968ರಲ್ಲೇ ಬೇರ್ಪಡಿಸಲಾಗಿತ್ತು. ಯೂರಿಯಾಕ್ಕೆ ಬೇವು ಲೇಪಿಸಿದರೆ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ ಎಂಬುದನ್ನು 1970ರ ದಶಕದಲ್ಲೇ ನಮ್ಮ ಕೃಷಿ ವಿಜ್ಞಾನಿಗಳು ಬತ್ತದ ಗದ್ದೆಯಲ್ಲಿ ತೋರಿಸಿದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬತ್ತ ಬೆಳೆಯುವ ಮಾನ್ವಿಯ ರೈತರು ಇಂದು ಹೊತ್ತು ತರುವ 45 ಕಿಲೋದ ಯೂರಿಯಾ ಚೀಲದ ಮೇಲೆ ಬೇವು ಲೇಪಿತ ಎಂದು ಅಚ್ಚಾಗಿರುವುದು 2015ರಲ್ಲಿ ಸರಕಾರ ಅದನ್ನು ಕಡ್ಡಾಯ ಮಾಡಿದ್ದರಿಂದ. ಆ ಮೂಲ ಕಲ್ಪನೆಗೆ ಇನ್ನು ಯಾರೂ ಬೇಲಿ ಹಾಕಲಾರರು. ತಾರೀಖು ಹೊತ್ತ ಪ್ರಬಂಧಗಳು ಅದರ ಬಾಂದುಕಲ್ಲುಗಳಾಗಿ ನಿಂತಿವೆ.

ಎರಡನೆಯ ಆಕ್ಷೇಪ: ಐರೋಪ್ಯ ಪೇಟೆಂಟ್ ಯುರೋಪಿನಲ್ಲಷ್ಟೇ ನಡೆಯುತ್ತದೆ, ದೇವದುರ್ಗದ ರೈತನನ್ನು ಯಾರೂ ತಡೆಯುತ್ತಿರಲಿಲ್ಲ, ಹಾಗಿದ್ದಮೇಲೆ ಈ ಗಲಾಟೆ ಏಕೆ? ಮೊದಲರ್ಧ ನಿಜ. ಪೇಟೆಂಟ್ ಕೊಟ್ಟ ದೇಶದ ಗಡಿ ದಾಟಿದರೆ ಅದಕ್ಕೆ ಬೆಲೆ ಇಲ್ಲ. ಅದೂ ಅಲ್ಲದೆ 1970ರ ನಮ್ಮ ಪೇಟೆಂಟ್ ಕಾಯ್ದೆ ಗಿಡಗಳ ರೋಗ ನೀಗಿಸುವ ವಿಧಾನಗಳಿಗೆ ಪೇಟೆಂಟನ್ನೇ ಕೊಡುತ್ತಿರಲಿಲ್ಲ. ಆದರೆ ಈ ಆಕ್ಷೇಪ ಹೇಳುವವರು ಆಮೇಲೆ ನಡೆದದ್ದನ್ನು ಗಮನಿಸಿಲ್ಲ. 2002ರ ತಿದ್ದುಪಡಿ ಆ ನಿಷೇಧದ ವಾಕ್ಯದಿಂದ ‘ಗಿಡಗಳು’ ಎಂಬ ಮಾತನ್ನು ತೆಗೆದುಹಾಕಿತು. 2005ರ ತಿದ್ದುಪಡಿ ರಾಸಾಯನಿಕ ವಸ್ತುಗಳಿಗೇ ಪೇಟೆಂಟ್ ಸಿಗುವ ಬಾಗಿಲು ತೆರೆಯಿತು. ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲ ಎಂಬ ಉಪಕಲಂ ಉಳಿದಿದೆಯಾದರೂ ಯಾವುದು ಕೃಷಿ ವಿಧಾನ, ಯಾವುದು ರಾಸಾಯನಿಕದ ಉಪಯೋಗ ಎಂಬುದು ಪ್ರತಿ ಸಲವೂ ವಾದದ ವಿಷಯ. ಅಂದರೆ ಮ್ಯೂನಿಕ್ಕಿನಲ್ಲಿ ನಡೆದಂಥ ವ್ಯಾಜ್ಯ ನಾಳೆ ನಮ್ಮ ದೇಶದೊಳಗೇ ಏಳಬಹುದು. ಅದೇ 2002ರ ತಿದ್ದುಪಡಿ ಗುರಾಣಿಯನ್ನೂ ಕೊಟ್ಟಿದೆ ಎಂಬುದನ್ನು ಮರೆಯಬಾರದು: ಪಾರಂಪರಿಕ ಜ್ಞಾನವನ್ನೇ ತಿರುಗಿಸಿ ಹೇಳುವ ಶೋಧಕ್ಕೆ ಪೇಟೆಂಟ್ ಇಲ್ಲ ಎಂದಿತು, ಮತ್ತು ಸ್ಥಳೀಯ ಸಮುದಾಯದಲ್ಲಿ ಬಾಯಿಮಾತಿನಲ್ಲಿರುವ ಜ್ಞಾನವನ್ನೂ ಆಧಾರವಾಗಿಟ್ಟು ಪೇಟೆಂಟಿಗೆ ಅಡ್ಡಿ ಹೇಳಬಹುದು ಎಂದು 25ನೆಯ ಕಲಂನಲ್ಲಿ ಸೇರಿಸಿತು. ಪೇಟೆಂಟ್ ಮಂಜೂರಾಗುವ ಮುಂಚೆ ಯಾರು ಬೇಕಾದರೂ ಈ ಅಡ್ಡಿ ಸಲ್ಲಿಸಬಹುದು. ಕಾನೂನು ಬಾಯಿಮಾತನ್ನು ಒಪ್ಪಿದೆ. ಆದರೆ ಯಾವ ಬಾಯಿ, ಯಾವ ಊರು, ಯಾವ ವರ್ಷ ಎಂದು ಕೇಳುವುದನ್ನು ಬಿಟ್ಟಿಲ್ಲ.

ಹತ್ತಿಯ ವಿಷಯದಲ್ಲಿ ಈ ಭಾಗ ಇದನ್ನು ಹತ್ತಿರದಿಂದ ಕಂಡಿದೆ. ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯ ಬಹುಪಾಲು ಬಿಟಿ ತಳಿಯದು, ಗಿಡದೊಳಗೇ ಕವಚ ಕೂತಿರುವ ತಳಿ. 1998ರಲ್ಲಿ ಅದರ ಪ್ರಯೋಗದ ಬೆಳೆಯನ್ನು ರೈತ ಸಂಘದವರು ಸುಟ್ಟದ್ದು ಇದೇ ಜಿಲ್ಲೆಯಲ್ಲಿ. ಆ ಕವಚ ಕೊಡುವ ವಂಶವಾಹಿಯ ಮೇಲಿನ ಮೊನ್ಸಾಂಟೋ ಕಂಪನಿಯ ಪೇಟೆಂಟನ್ನು ನುಜಿವೀಡು ಸೀಡ್ಸ್ ಎಂಬ ಬೀಜದ ಕಂಪನಿ ಪ್ರಶ್ನಿಸಿತು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರ ಏಪ್ರಿಲಿನಲ್ಲಿ ಮೇಲ್ಮನವಿಯ ಹಂತದಲ್ಲೇ ಪೇಟೆಂಟ್ ಊರ್ಜಿತವಲ್ಲ ಎಂದಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗೊತ್ತಿ, ಇಷ್ಟು ಜಟಿಲವಾದ ಪ್ರಶ್ನೆಯನ್ನು ತಜ್ಞರ ಸಾಕ್ಷ್ಯ ಪಡೆದು ವಿಚಾರಣೆಯಲ್ಲೇ ತೀರ್ಮಾನಿಸಬೇಕು ಎಂದು ಕೆಳಗೆ ಕಳಿಸಿತು. ಗೆದ್ದವರು ಯಾರು ಎಂಬುದಕ್ಕಿಂತ ಈ ಕಾರಣ ನನಗೆ ಮುಖ್ಯವಾಗಿ ಕಾಣುತ್ತದೆ. ಸಾಕ್ಷ್ಯವಿಲ್ಲದೆ ಗೆದ್ದ ಗೆಲುವೂ ಒಂದು ಮೆಟ್ಟಿಲು ಮೇಲೆ ಹೋದಾಗ ನಿಲ್ಲಲಿಲ್ಲ.

ಸರಕಾರ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಕಟ್ಟಿತಲ್ಲ, ಇನ್ನು ಚಿಂತೆ ಏಕೆ ಎಂದು ಕೇಳಬಹುದು. ಅದು ದೊಡ್ಡ ಕೆಲಸ, ಅರಿಶಿನ ಮತ್ತು ಬೇವಿನ ಪಾಠದಿಂದ ಹುಟ್ಟಿದ್ದು. ಆದರೆ ಅದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ವೈದ್ಯದ ಗ್ರಂಥಗಳಿಂದ, ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳಿನಿಂದ ಎತ್ತಿಕೊಂಡದ್ದು. ಹತ್ತಿಯ ಹೊಲದಲ್ಲಿ ಕನ್ನಡ ಮಾತಾಡುವವರು ಕಂಡುಕೊಂಡದ್ದು ಗ್ರಂಥವಾಗಿಲ್ಲ, ಆದ್ದರಿಂದ ಆ ಗ್ರಂಥಾಲಯದ ಬಾಗಿಲಿಗೆ ಅದು ಮುಟ್ಟುವುದಿಲ್ಲ. ಅದಕ್ಕೆ ಇರುವ ಜಾಗ ಬೇರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರಿಂದ ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಬರೆದಿಟ್ಟರೆ ಕಂಪನಿಗಳಿಗೆ ನಾವೇ ದಾರಿ ತೋರಿಸಿದಂತೆ ಎಂಬ ಭಯ ಕೆಲವರಲ್ಲಿದೆ, ಎಲ್ಲ ಆಕ್ಷೇಪಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಒಂದು ಮನೆತನ ಗುಟ್ಟಾಗಿ ಕಾಪಾಡಿಕೊಂಡು ಬಂದ ನಾಟಿ ಔಷಧದ ವಿಷಯದಲ್ಲಿ ಆ ಭಯ ಸರಿ, ಅದನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಲೇಬಾರದು. ಆದರೆ ಇಡೀ ಊರೇ ಹಾಡುಹಗಲು ಹೊಲದಲ್ಲಿ ಹೊಡೆಯುವ ಕಷಾಯ ಗುಟ್ಟಲ್ಲ. ನೋಡಿ ಕಲಿಯಬೇಕೆಂದವನು ಆಗಲೇ ಕಲಿತಿದ್ದಾನೆ. ಅದನ್ನು ಬರೆಯದಿದ್ದರೆ ನಷ್ಟವಾಗುವುದು ತಾರೀಖು ಒಂದೇ, ಮತ್ತು ವ್ಯಾಜ್ಯದಲ್ಲಿ ಬೇಕಾಗುವುದು ಆ ತಾರೀಖೇ.

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೊಲದ ವ್ಯಾಜ್ಯಕ್ಕೆ ರಾಯಚೂರಿನವರು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋದರೆ ಸಾಕು. ಕರ್ನಾಟಕದ ಪೇಟೆಂಟ್ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. 2021ರಲ್ಲಿ ಬೌದ್ಧಿಕ ಆಸ್ತಿಯ ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಅಲ್ಲಿಯ ತೀರ್ಮಾನದ ಮೇಲಿನ ಮನವಿ ಮದ್ರಾಸ್ ಹೈಕೋರ್ಟಿಗೆ, ಅದೂ ಮೂರು ತಿಂಗಳೊಳಗೆ. ಮೂರು ತಿಂಗಳಲ್ಲಿ ದೇವದುರ್ಗದಿಂದ ಚೆನ್ನೈಗೆ ವಕೀಲರನ್ನು ಹುಡುಕಿಕೊಂಡು ಹೋಗುವುದೇ ಕಷ್ಟ. ಇಪ್ಪತ್ತು ವರ್ಷದ ಹಿಂದೆ ಯಾರು ಏನು ಹೊಡೆದಿದ್ದರು ಎಂದು ಆಗ ಊರೂರು ಕೇಳುತ್ತ ತಿರುಗುವುದು ಆಗದ ಮಾತು. ಬರೆಯುವ ಕೆಲಸ ವ್ಯಾಜ್ಯಕ್ಕೆ ಮುಂಚೆ ಮುಗಿದಿರಬೇಕು. 2008ರಿಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಕಲಿಯುವ ತಿಂಗಳುಗಳಲ್ಲಿ ಪಂಚಾಯಿತಿಯ ದಾಖಲಾತಿಗೆ ಒಂದೊಂದು ಹಾಳೆ ಸೇರಿಸಬಹುದು. ‘ಬೇವು ಕೀಟನಾಶಕ’ ಎಂದು ಬರೆದ ಹಾಳೆ ಯಾವ ಮೇಲ್ಮನವಿಗೂ ಉಪಯೋಗಕ್ಕೆ ಬಾರದು. ಬೇಕಾದದ್ದು ಇಂಥ ವಿವರ: ಊರಿನ ಹೆಸರು, ಬೆಳೆ ಮೆಣಸಿನಕಾಯಿ, ರೋಗ ಬೂದಿ, ಎಣ್ಣೆ ಗಾಣದ್ದೋ, ದ್ರಾವಕದಿಂದ ತೆಗೆದದ್ದೋ, ಹದಿನೈದು ಲೀಟರಿನ ಒಂದು ಟ್ಯಾಂಕಿಗೆ ಎಷ್ಟು ಮಿಲಿ, ಸೋಪು ಎಷ್ಟು, ಯಾವ ತಿಂಗಳು, ದಿನದ ಯಾವ ಹೊತ್ತು, ಎಷ್ಟು ದಿನಕ್ಕೊಮ್ಮೆ, ಯಾವ ವರ್ಷದಿಂದ, ಯಾರಿಂದ ಕಲಿತದ್ದು, ಕೆಳಗೆ ಹೇಳಿದವರ ಸಹಿ ಅಥವಾ ಹೆಬ್ಬೆಟ್ಟು, ಬರೆದವರ ಸಹಿ, ಪಂಚಾಯಿತಿಯ ಮೊಹರು, ತಾರೀಖು.